ಸಂಕಕ್ಕೊಂದು ಆಕ್ಷೇಪ

ನಿನ್ನೆ ಬೆಳಗ್ಗೆ ಹೊಸ್ತಿಲಿಗೆ ಕಾಲ್ಬೆರಳು ತಾಗಿತು. ಬಾಯಿಂದ ಹೊರಟದ್ದು ತುಳು. ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ನಾನು ಕೊಂಕಣಿ ಮನೆಯಲ್ಲಿ ಹುಟ್ಟಿ, ಮಣಿಪಾಲದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆದವಳು. ಮಾತೃಭಾಷೆಯೂ ಅನ್ನದ ಭಾಷೆಯೂ ಎದ್ದು ಬರುವ ಮೊದಲೇ ಮೂರನೆಯದೊಂದು ನುಗ್ಗಿ ನನ್ನ ನೋವಿನ ವಕಾಲತ್ತು ವಹಿಸಿಕೊಂಡದ್ದು ಹೇಗೆ ಎಂದು ಬೆರಳಿಗೆ ಎಣ್ಣೆ ಸವರುತ್ತಾ ಯೋಚಿಸಿದೆ. ನಮ್ಮ ಕಡೆ ಭಾಷೆಗಳೆಂದರೆ ಅಡುಗೆಮನೆಯ ಪಾತ್ರೆಗಳ ಹಾಗೆ. ಮೀನಿನ ಮಡಕೆಯಲ್ಲಿ ಯಾರೂ ಹಾಲು ಕಾಯಿಸುವುದಿಲ್ಲ. ಪ್ರಾರ್ಥನೆಗೆ ಕೊಂಕಣಿ, ಚೌಕಾಸಿಗೆ ತುಳು, ಅರ್ಜಿಗೆ ಕನ್ನಡ. ಇಂಗ್ಲಿಷು ಗಾಜಿನ ಕಪಾಟಿನ ಪಿಂಗಾಣಿ, ನೆಂಟರು ಬಂದಾಗ ಮಾತ್ರ ಕೆಳಗಿಳಿಯುವಂಥದ್ದು.

ಈ ವಿಂಗಡಣೆಯನ್ನು ನನ್ನ ಅಪ್ಪನಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ. ಎಪ್ಪತ್ತರ ದಶಕದ ಹೆಚ್ಚಿನ ಕಾಲ ಅವರು ಕಾಪುವಿಗೂ ಉಡುಪಿಗೂ ನಡುವಿನ ನಮ್ಮ ಹಳ್ಳಿಯ ಪಂಚಾಯತಿಗೆ ಚೇರ್ಮನ್ ಆಗಿದ್ದರು. ಊರಿನ ಬಾಯಲ್ಲಿ ಪಾಸ್ಕಲ್ ಪೊರ್ಬು; ತುಳುವರು ನಮ್ಮ ಕೊಂಕಣಿ ಕ್ರೈಸ್ತರನ್ನು ಗೌರವದಿಂದ ಕರೆಯುವುದು ಹಾಗೆ. ಸಭೆಯ ಒಳಗೆ ಮಾತ್ರ ‘ಅಧ್ಯಕ್ಷರು’. ಹಾಗೆ ಕರೆಯುವವರಲ್ಲಿ ಅತ್ಯಂತ ಸ್ಪಷ್ಟ ಉಚ್ಚಾರಣೆಯವರು ಹೊಳೆಯ ಆಚೆ ದಡದ ಗದ್ದೆಯೊಡೆಯ, ಪಂಚಾಯತಿಯ ಖಾಯಂ ವಿರೋಧಿ ಸದಸ್ಯ ಭುಜಂಗ ಶೆಟ್ಟರು. ಸಭೆಯಲ್ಲಿ ಇಬ್ಬರೂ ಇಸ್ತ್ರಿ ಹಾಕಿದಂಥ ಕನ್ನಡದಲ್ಲಿ ಕಾದಾಡುತ್ತಿದ್ದರು. ಮೆಟ್ಟಿಲಿಳಿದು ಚಪ್ಪಲಿ ಹುಡುಕುವಾಗ ತುಳು ಶುರುವಾಗುತ್ತಿತ್ತು, ಜತೆಗೆ ಸ್ನೇಹವೂ. “ಪೊರ್ಬುಗಳೇ, ಬಂಗುಡೆ ಬಂದಿದೆಯಂತೆ, ಹೋಗುವನಾ?” ಎಂದು ಇದೇ ಶೆಟ್ಟರು ಕೇಳುತ್ತಿದ್ದರು. ಕನ್ನಡದಲ್ಲಿ ಆದ ಗಾಯಕ್ಕೆ ತುಳುವಿನಲ್ಲಿ ಮದ್ದು.

ಅವರ ದೊಡ್ಡ ಜಗಳ ಸಂಕದ್ದು. ಹೊಳೆಗೆ ಅಡ್ಡಲಾಗಿ ತೆಂಗಿನ ಮರದ ಕಾಂಡಗಳನ್ನು ಹಾಸಿದ ಕಾಲುಸಂಕವೊಂದಿತ್ತು. ಮಳೆಗಾಲದಲ್ಲಿ ಅದರ ಮೇಲೆ ನಡೆಯುವವರು ತಮ್ಮ ತಮ್ಮ ದೇವರನ್ನು ಭಾಷಾಭೇದವಿಲ್ಲದೆ ಕರೆಯುತ್ತಿದ್ದರು. ಅಲ್ಲಿ ಕಾಂಕ್ರೀಟಿನ ಸಂಕವಾಗಬೇಕೆಂದು ಅಪ್ಪನ ಹಟ. ಮೊದಲು ರಸ್ತೆ, ಆಮೇಲೆ ಸಂಕ ಎಂದು ಶೆಟ್ಟರದು. “ರಸ್ತೆ ಇಲ್ಲದ ಊರಿಗೆ ಸಂಕ ಕಟ್ಟುವುದೆಂದರೆ ಅಂಗಿ ಇಲ್ಲದವನಿಗೆ ಟೈ ಕಟ್ಟಿದ ಹಾಗೆ, ಅಧ್ಯಕ್ಷರೇ.” ಶೆಟ್ಟರಿಗೆ ಶಂಕೆ, ಅಪ್ಪನಿಗೆ ಸಂಕಟ, ನಡುವೆ ಸಂಕ. ವರ್ಷಗಟ್ಟಲೆ ಇದೇ ವ್ಯಾಕರಣ.

ಮನೆಯಲ್ಲೂ ಅದರಿಂದ ಬಿಡುಗಡೆ ಇರಲಿಲ್ಲ. ಸಂಜೆಯ ಜಪಮಾಲೆ ಮುಗಿದ ಮೇಲೆ ನಮ್ಮಲ್ಲಿ ಒಂದೊಂದು ಉದ್ದೇಶಕ್ಕೆ ಒಂದೊಂದು ಪ್ರಾರ್ಥನೆ ಸೇರಿಸುವ ರೂಢಿ: ತೀರಿಹೋದವರಿಗೆ, ದೂರದಲ್ಲಿರುವವರಿಗೆ, ಕಾಯಿಲೆಯವರಿಗೆ. ಅಪ್ಪ ಅದಕ್ಕೆ ಪಂಚಾಯತಿಯ ಕಾರ್ಯಸೂಚಿಯನ್ನೇ ಜೋಡಿಸಿದ್ದರು. ಬಾವಿಗೊಂದು, ಬೀದಿದೀಪಕ್ಕೊಂದು, ಕೊನೆಗೆ ಸಂಕಕ್ಕೊಂದು. ಊರಿನ ಅಭಿವೃದ್ಧಿಯನ್ನು ಆ ಕಾಲದಲ್ಲಿ ಮೊಣಕಾಲೂರಿದ ನನ್ನಷ್ಟು, ಅಣ್ಣ ವಿಕ್ಟರನಷ್ಟು ನೋವಿನಿಂದ ಬಯಸಿದವರು ಯಾರೂ ಇರಲಾರರು.

ಅಮ್ಮ ಕಾರ್ಕಳದಾಚೆಯ ಬಜಗೋಳಿಯವಳು. ಮದುವೆಯಾಗಿ ಬರುವ ದಾರಿಯಲ್ಲಿ ಕಾರ್ಕಳದ ಪೇಟೆಯಲ್ಲಿ ಊರಿನ ಕೆಲಸಕ್ಕೆ ಬೇಕಾಗಿದ್ದ ಯಾರೋ ಇಂಜಿನಿಯರು ಕಣ್ಣಿಗೆ ಬಿದ್ದರೆಂದು ಮದುಮಗ ಕಾರಿನಿಂದಿಳಿದು ಹೋದರಂತೆ, ಮದುಮಗಳು ಒಬ್ಬಳೇ ಗಂಡನ ಮನೆ ತಲುಪಿದಳಂತೆ. ಅಮ್ಮ ಈ ಕತೆ ಹೇಳುವಾಗ ಇಂಜಿನಿಯರು ಒಮ್ಮೆ ಓವರ್‌ಸಿಯರ್ ಆಗುತ್ತಿದ್ದರು, ಕಾರು ಒಮ್ಮೆ ಬಸ್ಸಾಗುತ್ತಿತ್ತು. ಅಪ್ಪನ ಪ್ರಕಾರ ಅವರು ಇಳಿದದ್ದು ಸೋಡಾ ತರಲು. ನೆನಪು ಎಂಬುದು ಸ್ಟುಡಿಯೋದ ಫೋಟೋಗ್ರಾಫರ್. ಎಲ್ಲರ ಗಲ್ಲ ಹಿಡಿದು ತನಗೆ ಬೇಕಾದ ಕಡೆಗೆ ತಿರುಗಿಸುತ್ತದೆ. ನಾನು ಹೇಳುತ್ತಿರುವ ಈ ಕತೆಯಲ್ಲೂ ಗಲ್ಲಗಳು ಸ್ವಲ್ಪ ತಿರುಗಿರಬಹುದು, ಸಹಿಸಿಕೊಳ್ಳಿ.

ಸಂಕ ಆಯಿತು. ಅಪ್ಪನ ಅವಧಿಯ ಕೊನೆಗೆ, ಶೆಟ್ಟರ ವಿರೋಧದ ನಡುವೆಯೇ. ಜಪಮಾಲೆ ಒಂದು ಪ್ರಾರ್ಥನೆಯಷ್ಟು ಗಿಡ್ಡವಾಯಿತು. ಶೆಟ್ಟರೂ ಅಪ್ಪನೂ ಚುನಾವಣೆಗೆ ನಿಲ್ಲುವುದನ್ನು ಬಿಟ್ಟರು. ಸಭೆ ಇಲ್ಲದ ಮೇಲೆ ಕನ್ನಡ ಇಲ್ಲ. ಕಂಡಾಗ ತುಳುವಿನಲ್ಲಿ ಒಂದು ನಗು, ಅಷ್ಟೆ.

ಎಂಬತ್ತರ ದಶಕದ ನಡುವೆ ಒಂದು ಸಂಜೆ ಪ್ರಾರ್ಥನೆಯ ಕೊನೆಗೆ ಅಪ್ಪ, “ಇನ್ನೊಂದು, ಸಂಕ ಆಗಲಿ ಅಂತ,” ಎಂದರು. ಅಮ್ಮ ಪ್ರಾರ್ಥನೆ ಶುರುಮಾಡಿದಳು. ಬಹ್ರೈನಿನಿಂದ ರಜೆಯಲ್ಲಿ ಬಂದಿದ್ದ ವಿಕ್ಟರ್ ಆಮೇಲೆ ಅಡುಗೆಮನೆಯಲ್ಲಿ ಪಿಸುಗುಟ್ಟಿದ: “ಸಂಕ ಆಗಿ ಎಷ್ಟು ಕಾಲ ಆಯ್ತು ಅಮ್ಮ. ದೇವರು ಎಂತ ತಿಳ್ಕೊಳ್ಳುವುದು?”

“ದೇವರಿಗೆ ಗೊತ್ತುಂಟು. ನೀನು ಮಧ್ಯೆ ಬಾಯಿ ಹಾಕಬೇಡ.”

ಆಸ್ಪತ್ರೆಗೆ ಕರೆದೊಯ್ದಾಗ ಮಣಿಪಾಲದ ಎಳೆಯ ಡಾಕ್ಟರು ಇವತ್ತು ಯಾವ ವಾರ ಎಂದು ಅಪ್ಪನನ್ನು ಕನ್ನಡದಲ್ಲಿ ಕೇಳಿದರು. ಅಪ್ಪ ಅಮ್ಮನ ಕಡೆ ತಿರುಗಿ, “ಪಾಪ, ಈ ಹುಡುಗನ ಮನೆಯಲ್ಲಿ ಕ್ಯಾಲೆಂಡರ್ ಇಲ್ಲವಾ?” ಎಂದರು, ಕೊಂಕಣಿಯಲ್ಲಿ. ನಾವು ನಕ್ಕೆವು. ಆದರೆ ಮರೆವು ಅವರ ಪಾತ್ರೆಗಳನ್ನು ಒಂದೊಂದಾಗಿ ಹೊತ್ತೊಯ್ಯುತ್ತಿತ್ತು. ಮೊದಲು ಪಿಂಗಾಣಿಯ ಇಂಗ್ಲಿಷು ಹೋಯಿತು, ಆಮೇಲೆ ಕನ್ನಡ. ತುಳು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೊನೆಗೆ ಉಳಿದದ್ದು ಕೊಂಕಣಿ. ಅದೂ ಅಮ್ಮನ ಜತೆಗೆ, ಇತರರ ಎದುರು ಮೌನ. ಆ ಮೌನ ಊರಿಗೆ ಗೊತ್ತಾಗಬಾರದೆಂಬುದು ಅಮ್ಮನ ಒಂದೇ ಆಸೆಯಾಗಿತ್ತು. ಭಾನುವಾರದ ಪೂಜೆಗೆ ಹೋದಾಗ ಇಗರ್ಜಿಯಲ್ಲಿ ಯಾರಾದರೂ ಮಾತಾಡಿಸಿದರೆ, “ಅವರಿಗೆ ಗಂಟಲು ಸರಿ ಇಲ್ಲ,” ಎನ್ನುತ್ತಿದ್ದಳು. ವರ್ಷವಿಡೀ ಕೆಟ್ಟಿದ್ದ ಆ ಗಂಟಲಿಗೆ ಊರವರು ಕಷಾಯಗಳನ್ನು ಸೂಚಿಸುತ್ತಿದ್ದರು.

ಆಗ ಬಂತು ಸನ್ಮಾನ. ಊರಿನ ಯುವಕರು ಹಿರಿಯ ಚೇರ್ಮನ್ನರಿಗೆ ಶಾಲು ಹೊದಿಸಬೇಕೆಂದು ಹೊರಟರು. ನಮ್ಮ ಕರಾವಳಿಯ ಸೆಕೆಯಲ್ಲಿ ಗೌರವವನ್ನು ಉಣ್ಣೆಯ ರೂಪದಲ್ಲಿಯೇ ಏಕೆ ಕೊಡುತ್ತಾರೋ ತಿಳಿಯದು. ಮತ್ತೆ ರಜೆಗೆ ಬಂದಿದ್ದ ವಿಕ್ಟರ್, “ಬೇಡ ಅಮ್ಮ. ಅಲ್ಲಿ ಎಲ್ಲರ ಎದುರು ಅಪ್ಪ ಗೊಂಬೆಯ ಹಾಗೆ ಕೂತರೆ?” ಎಂದ. ಮೂರನೆಯ ದಿನ ಅಮ್ಮ ಅಪ್ಪನ ಕೋಟಿಗೆ ಇಸ್ತ್ರಿ ಹಾಕುತ್ತಾ, “ಊರಿಗಾಗಿ ಇಷ್ಟು ಓಡಿದವರು. ಊರು ಕರೆದಾಗ ನಾನು ಬಾಗಿಲು ಹಾಕಲಿಕ್ಕೆ ಉಂಟಾ?” ಎಂದಳು.

ಶಾಲೆಯ ಸಭಾಂಗಣ ತುಂಬಿತ್ತು. ಅಭಿನಂದನೆಯ ಮಾತು ಭುಜಂಗ ಶೆಟ್ಟರ ಪಾಲಿಗೆ ಬಂದಿತ್ತು. ಶೆಟ್ಟರು ಜನಾನುರಾಗಿ, ದೈವಭಕ್ತ, ಕುಟುಂಬವತ್ಸಲ ಎಂದೆಲ್ಲ ಒಳ್ಳೆಯ ಕನ್ನಡದಲ್ಲಿ ಹೇಳುತ್ತಾ ಹೋದರು. ‘ಕುಟುಂಬವತ್ಸಲ’ ಎಂಬಲ್ಲಿ ಅಮ್ಮ ಸೆರಗು ಸರಿಮಾಡಿಕೊಂಡದ್ದನ್ನು ನಾನು ನೋಡಿದೆ. ಕಾರ್ಕಳದ ಇಂಜಿನಿಯರು ನೆನಪಾಗಿರಬೇಕು. ಶಾಲಿನೊಳಗೆ ಬೆವರುತ್ತಾ ಕೂತ ಅಪ್ಪ ಕೇಳಿದರು, ಕೇಳಿದರು, ಕೊನೆಗೆ ಅಮ್ಮನ ಕಡೆ ಬಾಗಿ, ಮೈಕಿಗೂ ಕೇಳುವಷ್ಟು ಜೋರಾಗಿ ಕೊಂಕಣಿಯಲ್ಲಿ ವಿಚಾರಿಸಿದರು:

“ತೀರಿಕೊಂಡದ್ದು ಯಾರು?”

ಕೊಂಕಣಿ ಬಲ್ಲವರು ನಕ್ಕರು. ನಕ್ಕವರು ತಟ್ಟನೆ ಸುಮ್ಮನಾದರು. ಅಪ್ಪನ ಮುಖದಲ್ಲಿ ತಮಾಷೆ ಇರಲಿಲ್ಲ, ಸಂತಾಪ ಸಭೆಗೆ ತಕ್ಕ ದುಃಖವೇ ಇತ್ತು. ಅಮ್ಮ ತಲೆ ತಗ್ಗಿಸಿದಳು. ಇಷ್ಟು ದಿನ ಗಂಟಲಿನ ಹಿಂದೆ ಬಚ್ಚಿಟ್ಟದ್ದು ಊರಿನ ಮುಂದೆ ಬಿದ್ದುಬಿಟ್ಟಿತ್ತು.

ಶೆಟ್ಟರಿಗೆ ಅಷ್ಟು ಕೊಂಕಣಿ ಬರುತ್ತಿತ್ತು. ಅವರು ಮಾತು ನಿಲ್ಲಿಸಿದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಮೈಕು ಬಿಟ್ಟು ಅಪ್ಪನ ಎದುರಿಗೆ ಬಂದು ನಿಂತು, ಸದಸ್ಯರ ಬೆಂಚಿನಿಂದ ಮಾತಾಡುತ್ತಿದ್ದ ಅದೇ ಗಡಸು ದನಿಯಲ್ಲಿ ಹೇಳಿದರು:

“ಸಂಕದ ಠರಾವಿಗೆ ನನ್ನ ಆಕ್ಷೇಪ ಉಂಟು, ಅಧ್ಯಕ್ಷರೇ.”

ಸಭೆಗೆ ಏನೂ ಅರ್ಥವಾಗಲಿಲ್ಲ. ಅಪ್ಪ ಶೆಟ್ಟರನ್ನು ನೋಡಿದರು. ಶಾಲನ್ನು ತೆಗೆದು ತೊಡೆಯ ಮೇಲಿಟ್ಟರು. ಬೆನ್ನು ನೆಟ್ಟಗಾಯಿತು.

“ಆಕ್ಷೇಪಕ್ಕೆ ಕಾರಣ ಏನು ಎಂಬುದನ್ನು ಸದಸ್ಯರು ಸಭೆಗೆ ತಿಳಿಸಬೇಕು,” ಎಂದರು. ಕನ್ನಡದಲ್ಲಿ, ಒಂದು ಪ್ರತ್ಯಯವೂ ಜಾರದಂತೆ.

“ಮೊದಲು ರಸ್ತೆ ಆಗಲಿ.”

“ರಸ್ತೆ ಆಗುವವರೆಗೆ ನಿಮ್ಮ ಕಡೆಯ ಹೆಂಗಸರು ಹೆರಿಗೆ ಮುಂದೂಡುತ್ತಾರಾ? ಸದಸ್ಯರು ಕುಳಿತುಕೊಳ್ಳಬಹುದು.”

ಈ ಸಲದ ನಗುವಿನಲ್ಲಿ ಅಂಜಿಕೆ ಇರಲಿಲ್ಲ. ಅದು ಎಷ್ಟು ಹೊತ್ತು ನಡೆಯಿತೋ ಹೇಳಲಾರೆ. ವಿಕ್ಟರ್ ಎರಡೇ ಮಾತು ಎನ್ನುತ್ತಾನೆ, ನನ್ನ ನೆನಪಿನಲ್ಲಿ ಪೂರ್ತಿ ಅಧಿವೇಶನ. ಅಮ್ಮ ತಲೆ ಎತ್ತಿ ಕೂತಿದ್ದಳೆಂಬುದರಲ್ಲಿ ಮಾತ್ರ ನಮಗೆ ಭಿನ್ನಾಭಿಪ್ರಾಯವಿಲ್ಲ. ಹೊಗಳಿಕೆ ರೆಡಿಮೇಡ್ ಅಂಗಿ, ಯಾರಿಗೆ ತೊಡಿಸಿದರೂ ಸುಮಾರಾಗಿ ಹೊಂದುತ್ತದೆ. ಒಬ್ಬ ಮನುಷ್ಯನ ಅಳತೆ ತೆಗೆದು ಹೊಲಿದದ್ದು ಅವನಿಗೆ ಬಂದ ಆಕ್ಷೇಪವೇ ಇರಬೇಕು ಎಂದು ನನಗೆ ಅಂದು ಅನ್ನಿಸಿತು.

ಆಮೇಲೆ ಶೆಟ್ಟರು ವಾರಕ್ಕೆರಡು ಸಲ ಮನೆಗೆ ಬರತೊಡಗಿದರು. ಆ ಸಂಕವನ್ನು ದಾಟಿಯೇ ಬಂದು, ನಮ್ಮ ಜಗಲಿಯಲ್ಲಿ ಕೂತು, ಆ ಸಂಕ ಕೂಡದೆಂದು ವಾದಿಸುತ್ತಿದ್ದರು. ಅಮ್ಮ ಚಾ ಕೊಡುವಾಗ ತುಳುವಿನಲ್ಲಿ ಮೆಲ್ಲಗೆ, “ಶೆಟ್ಟರೇ, ಇವತ್ತು ಸ್ವಲ್ಪ ಗಟ್ಟಿ ವಿರೋಧ ಮಾಡಿ. ನಿನ್ನೆಯಿಂದ ಊಟ ಸೇರುತ್ತಾ ಇಲ್ಲ,” ಎನ್ನುತ್ತಿದ್ದಳು. ಶೆಟ್ಟರು ಮಾಡುತ್ತಿದ್ದರು. ಜಗಳ ಗೆದ್ದ ದಿನ ಅಪ್ಪ ಎರಡು ಸಲ ಗಂಜಿ ಹಾಕಿಸಿಕೊಳ್ಳುತ್ತಿದ್ದರು.

ಮಳೆಗಾಲದ ಒಂದು ಮಧ್ಯಾಹ್ನ ನಾನು ಮನೆಯಲ್ಲಿದ್ದೆ. ಶೆಟ್ಟರ ಮೊಣಕಾಲು ಬಾತಿತ್ತು, ಕೊಡೆ ಊರಿಕೊಂಡು ಬಂದಿದ್ದರು. ಅಪ್ಪ ಶುರುಮಾಡಿದರು. ಶೆಟ್ಟರು ಎರಡು ಮಾತು ಕೇಳಿ, ಕಾಲು ಚಾಚಿ, ದಣಿದು ಹೇಳಿದರು: “ಆಯ್ತು ಅಧ್ಯಕ್ಷರೇ. ನನ್ನ ಒಪ್ಪಿಗೆ ಉಂಟು. ಸಂಕ ಆಗಲಿ.”

ಕುರ್ಚಿಯ ಕೈಯ ಮೇಲಿದ್ದ ಅಪ್ಪನ ಬೆರಳುಗಳು ಸಡಿಲವಾದವು. ಎದುರಿಗಿದ್ದ ಮುಖವನ್ನು ದಿಟ್ಟಿಸಿ, ಬಾಗಿಲಲ್ಲಿ ಚಾ ಹಿಡಿದು ನಿಂತಿದ್ದ ಅಮ್ಮನನ್ನು ಕೊಂಕಣಿಯಲ್ಲಿ ಕೇಳಿದರು: “ಇವರು ಯಾರು?”

ಅಮ್ಮ ಶೆಟ್ಟರನ್ನು ನೋಡಿದಳು. ಶೆಟ್ಟರು ಚಾಚಿದ ಕಾಲನ್ನು ಕಷ್ಟಪಟ್ಟು ಒಳಗೆಳೆದುಕೊಂಡು, ನೇರವಾಗಿ ಕೂತರು.

“ಒಪ್ಪಿಗೆ ಉಂಟು. ಆದರೆ ನನ್ನದೊಂದು ತಿದ್ದುಪಡಿ ಉಂಟು, ಅಧ್ಯಕ್ಷರೇ.”

“ಮಂಡಿಸಿ,” ಎಂದರು ಅಪ್ಪ.