ತಿಳಿಯಕ್ಕನ ಆರನೆಯ ಗಂಟೆ

ಶುಕ್ರವಾರ ಮಧ್ಯಾಹ್ನ ಪ್ರಯೋಗಾಲಯದ ಮುಖ್ಯಸ್ಥರು ಒಂದು ಬಾಟಲಿಯ ಮೇಲಿದ್ದ ‘ಹತ್ತನೆಯ ಗಂಟೆ’ ಎಂಬ ಚೀಟಿಯನ್ನು ಕಿತ್ತು, ‘ಆರನೆಯ ಗಂಟೆ’ ಎಂಬ ಚೀಟಿ ಅಂಟಿಸಿದರು.

ಇಂದು ಸೋಮವಾರ, ನಸುಕಿನ ಐದು ಗಂಟೆ. ಕಿಟಕಿಯಿಲ್ಲದ ಕೋಣೆಯಲ್ಲಿ ತಿಳಿಯಕ್ಕ ಕೈಗವಸು ಬಿಗಿದುಕೊಂಡು, ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾವನ್ನು ಹೊಸ ಪೋಷಕ ದ್ರವಕ್ಕೆ ಬಿಡುತ್ತಿದ್ದಾರೆ. ಇನ್ನು ಗಂಟೆಗೊಮ್ಮೆ ಒಂದಿಷ್ಟು ತೆಗೆದು ಯಂತ್ರದಲ್ಲಿ ಗಿರ್ರನೆ ತಿರುಗಿಸಬೇಕು. ಬ್ಯಾಕ್ಟೀರಿಯಾ ತಳ ಸೇರುತ್ತವೆ. ಬೆಳೆಯುತ್ತಾ ಅವು ಹೊರಬಿಟ್ಟ ಪ್ರೋಟೀನುಗಳು ಮೇಲಿನ ತಿಳಿಯಲ್ಲಿ ಉಳಿಯುತ್ತವೆ. ಬೆಳೆಸಲು ಬಿಟ್ಟ ಮೇಲೆ ಎಷ್ಟನೆಯ ಗಂಟೆಯ ತಿಳಿ ಎಂದು ಬಾಟಲಿಗೆ ಚೀಟಿ ಅಂಟಿಸಬೇಕು. ಹತ್ತೊಂಬತ್ತು ವರ್ಷಗಳಿಂದ ಈ ತಂತ್ರಜ್ಞೆ ಜೋಪಾನವಾಗಿ ಹೀರಿ ತೆಗೆಯುತ್ತಿರುವುದು ಆ ತಿಳಿಯನ್ನೇ. ಅಡ್ಡಹೆಸರು ಬಂದದ್ದೂ ಅಲ್ಲಿಂದಲೇ.

“ಕ್ರಿಮಿ ಉಗುಳು ಹಿಡಿಯೋಕೆ ಕೋಳಿಗಿಂತ ಮುಂಚೆ ಏಳ್ಬೇಕೇನೇ?” ಎಂದು ಮನೆಯಲ್ಲಿ ಅತ್ತೆ ದಿನಾ ಹಂಗಿಸುತ್ತಾರೆ.

“ಅವು ನಿಮ್ಮ ಮಗನ ಥರ ಒಂಬತ್ತರವರೆಗೂ ಮಲಗಲ್ಲ, ಅತ್ತೆ.”

ತಿಳಿಯಕ್ಕ ಇಲ್ಲಿಗೆ ಬಾಟಲಿ ತೊಳೆಯಲು ಬಂದವರು, ನೋಡಿ ನೋಡಿಯೇ ಕಲಿತವರು. ಈ ಕೈಯಿಂದ ಹೊರಟ ತಿಳಿಯಿಂದ ಮೂವತ್ತೊಂದು ಪ್ರಬಂಧಗಳು ಬಂದಿವೆ. ಒಂದರಲ್ಲೂ ಈಕೆಯ ಹೆಸರಿಲ್ಲ. ಕೊನೆಯಲ್ಲಿ ‘ಇತರರಿಗೂ ವಂದನೆ’ ಎಂದಿರುತ್ತದಲ್ಲ, ಆ ಇತರರಲ್ಲಿ ಇವರೂ ಒಬ್ಬರಂತೆ. ಏನು ಔದಾರ್ಯ!

ಹೊಸಬರು ಮಾಡುವ ತಪ್ಪು ಒಂದೇ: ತಳದ ಗಸಿಯನ್ನು ಕಾಪಾಡಿಕೊಂಡು ತಿಳಿಯನ್ನು ಬ್ಲೀಚಿನ ಡಬ್ಬಕ್ಕೆ ಸುರಿಯುವುದು. ಶುಕ್ರವಾರ ಹೊಸ ಸಂಶೋಧಕಿ ಆರನೆಯ ಗಂಟೆಯದ್ದನ್ನು ಹಾಗೆಯೇ ಸುರಿದಳು. ಅತ್ತು ಒಪ್ಪಿಕೊಂಡಳು ಕೂಡ. “ಎಣ್ಣೆ ಚೆಲ್ಲಿ ಹಿಂಡಿ ಕಾದ್ಯಲ್ಲೇ! ಹೋಗ್ಲಿ, ಸೋಮವಾರ ಮತ್ತೆ ಬೆಳೆಸೋಣ,” ಎಂದರು ತಿಳಿಯಕ್ಕ. ಮುಖ್ಯಸ್ಥರಿಗೆ ಸೋಮವಾರದವರೆಗೆ ಪುರುಸೊತ್ತಿರಲಿಲ್ಲ. ಚೀಟಿ ಬದಲಾಯಿತು. ಆ ಬಾಟಲಿಯಿಂದಲೇ ಪ್ರೋಟೀನುಗಳ ಪಟ್ಟಿಯೂ ತಯಾರಾಯಿತು. ಇಂದು ಹತ್ತಕ್ಕೆ ಅದು ರೋಗಪತ್ತೆಯ ಕಿಟ್ ತಯಾರಿಸುವವರಿಗೆ ಹೋಗಬೇಕು.

ನಾಲ್ಕು ಗಂಟೆಯ ವ್ಯತ್ಯಾಸವಷ್ಟೇ ಅಲ್ಲವೇ ಎಂದರೆ ತಿಳಿಯಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. “ಬದುಕಿರೋದು ಉಗುಳಿದ್ದು ಬೇರೆ, ಸತ್ತು ಹೊಟ್ಟೆಯೊಡೆದು ಚೆಲ್ಲಿದ್ದು ಬೇರೆ. ಹತ್ತನೇ ಗಂಟೆಗೆ ಅರ್ಧಕ್ಕರ್ಧ ಸತ್ತಿರ್ತವೆ. ಆ ಹೊಟ್ಟೆಯೊಳಗಿನ ಪ್ರೋಟೀನು ಗಂಟಲಲ್ಲಿ ಸುಮ್ನೆ ಬಿದ್ದಿರೋ ಪಾಪದ ಕ್ರಿಮೀಲೂ ಇರುತ್ತೆ. ಅದನ್ನ ನಂಬ್ಕೊಂಡು ಕಿಟ್ ಮಾಡಿದ್ರೆ, ಆಡ್ಕೊಂಡಿರೋ ಮಗೂಗೂ ನ್ಯುಮೋನಿಯಾ ಅನ್ನುತ್ತೆ! ಎಷ್ಟು ಸಲ ಹೇಳೋದು? ಗೋಡೆಗೆ ಹೇಳಿದ್ರೆ ಅದಾದ್ರೂ ವಾಪಸ್ ಸದ್ದು ಮಾಡುತ್ತೆ.”

ಒಂಬತ್ತಕ್ಕೆ ಮುಖ್ಯಸ್ಥರು ದಾಖಲೆ ಪುಸ್ತಕ ಹಿಡಿದು ಬರುತ್ತಾರೆ. ಚೀಟಿಯಲ್ಲಿರುವ ಗಂಟೆ ನಿಜವೆಂದು ತಿಳಿ ತೆಗೆದವರೇ ಸಹಿ ಹಾಕಬೇಕೆಂಬುದು ನಿಯಮ.

“ಒಂದು ಸಹಿ ಕಣಮ್ಮ. ಯಾರು ನೋಡ್ತಾರೆ?”

“ನಾನು ನೋಡಿದೀನಲ್ಲ, ಸರ್.”

“ತಲೆಹರಟೆ ಬೇಡ. ಹತ್ತಕ್ಕೆ ಹೋಗ್ಬೇಕು ಇದು.”

“ಮೂವತ್ತೊಂದು ಪ್ರಬಂಧಕ್ಕೆ ಬೇಡವಾಗಿದ್ದ ಹೆಸರು ಇದಕ್ಕೆ ಬೇಕಾಯ್ತಾ?”

ತಿಳಿಯಕ್ಕ ಪೆನ್ನಿಗೆ ಮುಚ್ಚಳ ಹಾಕಿ ಅವರ ಕೈಗೇ ಕೊಡುತ್ತಾರೆ. ಆಮೇಲೆ ಗಡಿಯಾರದತ್ತ ಕತ್ತು ಹೊರಳಿಸುತ್ತಾರೆ.

“ಇವತ್ತಿನ ಆರನೇ ಗಂಟೆ ಹನ್ನೊಂದಕ್ಕೆ ಬರುತ್ತೆ. ಅದಕ್ಕೆ ಹಾಕ್ತೀನಿ. ಇದಕ್ಕೆ ಹಾಕಲ್ಲ.”