ಒಂದು ಸೀಟಿಗೆ ಎರಡು ಕೈ

ಪರದೆ ಬಟ್ಟೆಯ ಅಂಚಿನಲ್ಲಿ ಗಂಜಿ ಗಟ್ಟಿಯಾಗಿ, ಬೆರಳಿಗೆ ಕಾಗದದಂತೆ ತಾಗುತ್ತಿತ್ತು. ಅಂಗಡಿಯವನು ಥಾನು ಬಿಚ್ಚಿದಾಗ ಆ ಗಂಜಿಯ ಹುಳಿ ವಾಸನೆ ಎದ್ದಿತು. ರಾಯಚೂರಿನ ನನ್ನ ಬಾಡಿಗೆ ಕೋಣೆಯ ಕಿಟಕಿಗೆಂದು ಬಟ್ಟೆ ಕೊಳ್ಳಲು ಹೋಗಿದ್ದೆ. ಆ ವಾಸನೆಗೆ ದೇವದುರ್ಗದ ಹತ್ತಿರದ ಒಂದು ಊರು, ಅಲ್ಲಿನ ಗೌಡರ ವಾಡೆ, ವಾಡೆಯ ಒಳಬಾಗಿಲಿಗೆ ಇಳಿಬಿಟ್ಟಿದ್ದ ಕೆಂಪು ಪರದೆ ನೆನಪಾದವು. ಪರದೆಯ ಹಿಂದೆ ನಾನು ಮತ್ತು ಗೌಡಸಾನಿ...

ಅಪ್ಪ ಆ ಊರಿನ ಶಾಲೆಯಲ್ಲಿ ಮಾಸ್ತರರಾಗಿದ್ದರು. ವಾಡೆಯ ಎದುರಿಗೇ ನಮ್ಮ ಮನೆ. ನಾನು ಗುಲಬರ್ಗಾದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ ಬಂದಿದ್ದೆ, ಅಪ್ಪ ಗಂಡು ನೋಡುತ್ತಿದ್ದರು, ನಾನು ಮನೆಯಲ್ಲಿ ಕುಳಿತಿದ್ದೆ. ಗೌಡರ ಹೆಂಡತಿಯನ್ನು ಊರೆಲ್ಲ ಗೌಡಸಾನಿ ಎಂದೇ ಕರೆಯುತ್ತಿತ್ತು. ಆ ಮನೆತನದಲ್ಲಿ ಗೋಷಾ ಇತ್ತು. ಸೊಸೆಯಾಗಿ ಬಂದವಳು ಹೊರಬಾಗಿಲು ದಾಟಬಾರದು, ಪರ ಗಂಡಸರಿಗೆ ಮುಖ ತೋರಿಸಬಾರದು. ತವರಿಗೆ ಹೋದರೂ ಸುತ್ತ ಬಟ್ಟೆ ಕಟ್ಟಿದ ಗಾಡಿಯಲ್ಲಿ.

ಮಂಡಲ ಪಂಚಾಯಿತಿ ಬಂದಾಗ ಊರಿನ ಒಂದು ಸ್ಥಾನ ಹೆಂಗಸರಿಗೆ ಮೀಸಲಾಯಿತು. ಗೌಡರು ಹೆಂಡತಿಯ ಹೆಸರು ಕೊಟ್ಟರು. ಎದುರು ಯಾರೂ ನಿಲ್ಲಲಿಲ್ಲ. ಪಂಚಾಯಿತಿಗೆ ಇನ್ನೂ ಕಚೇರಿ ಇರಲಿಲ್ಲವಾದ್ದರಿಂದ ಸಭೆ ವಾಡೆಯ ಪಡಸಾಲೆಯಲ್ಲೇ ಸೇರುತ್ತಿತ್ತು. ಸದಸ್ಯೆ ಪರದೆಯ ಒಳಗೆ, ಆಕೆಯ ಗಂಡ ಹೊರಗೆ ಕುರ್ಚಿಯಲ್ಲಿ. ಮತಕ್ಕೆ ಹಾಕಿದಾಗ ಹೆಂಡತಿಯ ಪರವಾಗಿ ಗೌಡರು ಕೈ ಎತ್ತುತ್ತಿದ್ದರು, ಕಾರ್ಯದರ್ಶಿ ಎಣಿಸುತ್ತಿದ್ದ. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಒಳಗೆ ಗೌಡಸಾನಿಗೆ ಜೊತೆಯಿರಲೆಂದು ನನ್ನನ್ನು ಕರೆಸುತ್ತಿದ್ದರು.

ಪ್ರಾತಿನಿಧ್ಯದ ಕುರಿತು ನಾನು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು. ಒಮ್ಮೆ ಅವರಿಗೆ ಅದನ್ನು ವಿವರಿಸಲು ಹೋದೆ. ಅಡಿಕೆ ಕತ್ತರಿಸುತ್ತ ಕೇಳಿಸಿಕೊಂಡರು.

“ಊರ ಮಂದಿ ನನಗ ಆರಿಸ್ಯಾರ, ಖರೆ. ಆದ್ರ ಗೌಡ್ರಿಗಿ ನಾ ಯಾವಾಗ ಆರಿಸಿದ್ನಿ ತಂಗಿ? ನಮ್ಮಪ್ಪ ಆರಿಸಿದ್ದ,” ಎಂದು ನಕ್ಕರು.

ಆ ಬೇಸಿಗೆಯಲ್ಲಿ ಊರಿಗೆ ಒಂದು ಬೋರಿಂಗ್, ಎಂದರೆ ಕೈಪಂಪು, ಮಂಜೂರಾಯಿತು. ವಾಡೆಯ ಹಿಂದೆ, ದನದ ಕೊಟ್ಟಿಗೆಯ ಬಳಿ ಹಾಕಬೇಕೆಂದು ಗೌಡರ ಕಡೆಯವರು. ಕೂಲಿಯವರ ಓಣಿಯಲ್ಲಿ ಹಾಕಬೇಕೆಂದು ಉಳಿದವರು. ಓಣಿಯ ಹೆಂಗಸರು ಹಳ್ಳದ ಉಸುಕಿನಲ್ಲಿ ವರತಿ ತೋಡಿ, ಒಸರಿದ ನೀರನ್ನು ಬಟ್ಟಲಿನಿಂದ ಗೋರಿ ಕೊಡ ತುಂಬಿಸುತ್ತಿದ್ದರು. ವಾಡೆಗೆ ಕಸಮುಸುರೆಗೆ ಬರುತ್ತಿದ್ದವಳು ತುಂಬು ಬಸುರಿನಲ್ಲಿ ಹಳ್ಳದ ದಂಡೆ ಹತ್ತುವಾಗ ಕೊಡದ ಸಮೇತ ಬಿದ್ದು ಕೂಸನ್ನು ಕಳೆದುಕೊಂಡಿದ್ದಳು. ಗೌಡಸಾನಿ ಅವಳನ್ನು ನೋಡಲು ಹೋಗಲಾರರು. ಅವಳ ಬಾಣಂತನಕ್ಕೆಂದು ಕಟ್ಟಿಟ್ಟಿದ್ದ ಅಂಟಿನುಂಡೆಗಳನ್ನು ನನ್ನ ಕೈಯಲ್ಲಿ ಕಳಿಸಿದರು. ಏನು ಹೇಳಬೇಕೆಂದು ಕೇಳಿದೆ. ಏನೂ ಹೇಳಬೇಡ ಎಂದರು.

ಸಭೆಯ ದಿನ, ವಾಡೆಯ ಹಿಂದೆ ಬೇಕೆನ್ನುವವರ ಕೈಗಳು ಎದ್ದವು, ಗೌಡರದೂ ಸೇರಿ. ಓಣಿಯಲ್ಲಿ ಬೇಕೆನ್ನುವವರು ಎಂದಾಗ ಎದ್ದ ಕೈಗಳು ಒಂದು ಕಡಿಮೆ. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಬಳೆಯ ಸಪ್ಪಳವಾಯಿತು. ಪರದೆಯ ಸಂದಿನಿಂದ ಗೌಡಸಾನಿಯ ಬಲಗೈ ಮೊಣಕೈವರೆಗೂ ಹೊರಗೆ ಹೋಗಿತ್ತು.

ಪಡಸಾಲೆಯಲ್ಲಿದ್ದವರೆಲ್ಲ ಪರದೆಯ ಕಡೆ ತಿರುಗಿದರು.

“ಗೌಡ್ರ... ಒಂದು ಸೀಟಿಗಿ ಎರಡು ಕೈ ಆದ್ವಲ್ರೀ,” ಕಾರ್ಯದರ್ಶಿ ತೊದಲಿದ. “ಯಾವುದು ಎಣಸಲಿ?”

“ಒಳಗ ನೊಣ ಓಡಸಾಕತ್ತಿರಬೇಕು, ಬಿಡ್ರಿ,” ಎಂದರು ಗೌಡರು. ಕೆಲವರು ನಕ್ಕರು. ಕೈ ಕೆಳಗಿಳಿಯಲಿಲ್ಲ.

ಓಣಿಯ ಮುದುಕ ಸದಸ್ಯರೊಬ್ಬರು ಎದ್ದು ನಿಂತರು. “ಯಪ್ಪಾ, ನಿಮ್ಮ ಕೈ ದೊಡ್ಡದು, ಇಲ್ಲಂತ ಯಾರಂತಾರ? ಆದ್ರ ಆರಿಸಿ ಬಂದವ್ರು ಅವ್ವಾರು. ಅವ್ವಾರ ಕೈ ಎಣಸ್ರಿ.”

ಗೌಡರು ಎಲ್ಲರ ಮುಖ ನೋಡಿದರು. ಆಮೇಲೆ ಜೋರಾಗಿ ನಕ್ಕು, “ಬರಕೋರಿ, ಬರಕೋರಿ. ಮನ್ಯಾಗ ಸೋಲಾದು ನಮಗೇನು ಹೊಸದಲ್ಲ,” ಎಂದರು.

ಓಣಿಯಲ್ಲಿ ಬೋರಿಂಗ್ ಬಿತ್ತು. ಬೆಳಗಿನ ಹೊತ್ತು ಅದರ ಹಿಡಿಕೆ ಕಿರುಗುಟ್ಟುವುದು ವಾಡೆಯ ಮಾಳಿಗೆಗೆ ಕೇಳುತ್ತಿತ್ತು. “ನೀರು ಸಿಹಿ ಅದಾವೇನು?” ಎಂದು ಗೌಡಸಾನಿ ನನ್ನನ್ನು ಕೇಳಿದರು.

“ಸ್ವಲ್ಪ ಸವಳು ಅದಾವ್ರಿ ಅವ್ವಾರ.”

“ಎಂಥಾಕಿ ಇದ್ದೀಬೇ! ಒಂದು ಸುಳ್ಳು ಹೇಳಿದ್ರ ನಿನ್ನ ಗಂಟೇನು ಹೋಗತಿತ್ತು?” ಅವರು ಅಷ್ಟು ಹಗುರಾಗಿ ಮಾತಾಡಿದ್ದನ್ನು ನಾನು ಮತ್ತೆ ಕೇಳಲಿಲ್ಲ.

ಮುಂದಿನ ಸಭೆಯಲ್ಲಿ ಗೌಡರ ಕಡೆಯವರೊಬ್ಬರು ಒಂದು ಮಾತು ಎತ್ತಿದರು. ಸರಕಾರಿ ಸಭೆಯನ್ನು ಒಬ್ಬರ ಮನೆಯಲ್ಲಿ ನಡೆಸುವುದು ಸರಿಯಲ್ಲ, ಇನ್ನು ಮುಂದೆ ಎಲ್ಲರೂ ಬರಬಹುದಾದ ಚಾವಡಿಯಲ್ಲಿ ನಡೆಯಲಿ. ಓಣಿಯ ಮುದುಕರೂ ಒಪ್ಪಿದರು. ವಾಡೆಯಲ್ಲಿ ಅವರಿಗೆ ಎಂದೂ ಕುರ್ಚಿ ಸಿಕ್ಕಿರಲಿಲ್ಲ. ನನ್ನ ಪಠ್ಯಪುಸ್ತಕಗಳೂ ಒಪ್ಪುತ್ತಿದ್ದವು. ವಿರೋಧ ಇದ್ದವರು ಎಂದು ಕೇಳಿದಾಗ ಪರದೆಯಿಂದ ಅದೇ ಕೈ ಹೊರಗೆ ಬಂತು. ಈ ಸಲ ಕಾರ್ಯದರ್ಶಿ ತೊದಲಲಿಲ್ಲ. ಸರಿಯಾಗಿ ಎಣಿಸಿ, ಸರಿಯಾಗಿ ಬರೆದುಕೊಂಡ. ಒಂದು.

ಚಾವಡಿ ದೂರವೇನಿರಲಿಲ್ಲ, ವಾಡೆಯ ಬಾಗಿಲಿಂದ ಕಾಣುತ್ತಿತ್ತು. ಮೊದಲ ಸಭೆಯ ದಿನ, “ಬರ್ರಿ ಅವ್ವಾರ, ನಾ ಜೋಡಿ ಬರ್ತೀನಿ,” ಎಂದೆ. ಹೊರಬಾಗಿಲ ಹೊಸ್ತಿಲವರೆಗೂ ಬಂದರು. ಅವರ ಮಗಳ ಮದುವೆ ಮಾನವಿ ಕಡೆಯ ಮನೆತನವೊಂದಕ್ಕೆ ಗೊತ್ತಾಗಿತ್ತು, ಅಲ್ಲಿಯೂ ಗೋಷಾ.

“ನಾ ಇದನ್ನ ದಾಟಿದ್ರ ಬೀಗರು ಲಗ್ನ ಮುರೀತಾರ ತಂಗಿ. ದಾಟಲಿಲ್ಲಂದ್ರ ಆಕಿನೂ ಇಂಥಾದ ಒಂದು ಬಾಗಲದಾಗ ನಿಂದರತಾಳ... ಏನು ಮಾಡ್ಲಿ ಹೇಳು. ನೀ ಓದಿದಾಕಿ.”

ಅವರು ತಿರುಗಿ ಒಳಗೆ ಹೋದರು. ಅಂದಿನಿಂದ ಚಾವಡಿಯಲ್ಲಿ ಮತ್ತೆ ಗೌಡರ ಕೈಯನ್ನೇ ಎಣಿಸಿದರು. ಮುಂದೆ ನನಗೆ ರಾಯಚೂರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಅಪ್ಪನಿಗೂ ವರ್ಗವಾಯಿತು. ಆ ಊರಿಗೆ ಹೋಗುವ ಕಾರಣ ಉಳಿಯಲಿಲ್ಲ.

ಬಟ್ಟೆ ಅಂಗಡಿಯವನು ಹಿಂದೆ ಆ ಊರಿಗೆ ಗಂಟು ಹೊತ್ತು ಬರುತ್ತಿದ್ದವನೇ. ಗುರುತು ಹಿಡಿದು, ಅಳತೆ ಮಾಡುತ್ತಲೇ ಹೇಳಿದ: “ಗೌಡಸಾನಿಯವ್ರು ಹೋದ್ರಲ್ರೀ ಅಕ್ಕಾರ, ಮಳಿಗಾಲದಾಗ. ನಿಮಗ ಗೊತ್ತಿಲ್ಲೇನು?” ನನಗೆ ಹೇಳಿಕಳಿಸುವವರು ಯಾರಿದ್ದರು... ದುಡ್ಡು ಕೊಟ್ಟು ಬಂದೆ.

ಮರುದಿನ ಚುನಾವಣೆ. ನಗರದಲ್ಲೇ ಒಂದು ಮತಗಟ್ಟೆಗೆ ನನ್ನನ್ನು ಹಾಕಿದ್ದರು. ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಒಬ್ಬಾತ ಹೆಂಡತಿಯ ಹಿಂದೆಯೇ ಬಂದು, “ಆಕಿಗಿ ತಿಳಿಯಂಗಿಲ್ರೀ ಮೇಡಂ, ನಾನೇ ಶಿಕ್ಕಾ ಒತ್ತತೀನಿ,” ಎಂದ. ನಾನು ಬಾಗಿಲು ತೋರಿಸಿದೆ. ಆತ ಹೊರಗೆ ಹೋಗುವವರೆಗೂ ಆಕೆಗೆ ಮತಪತ್ರ ಕೊಡಲಿಲ್ಲ. ಆಕೆ ಒಬ್ಬಳೇ ಹೋದಳು. ಗಂಡ ಹೇಳಿದ ಗುರುತಿಗೇ ಒತ್ತಿದಳೋ ಏನೋ. ನಾನು ಆ ಕಡೆ ನೋಡದೆ, ಮುಂದಿನವಳ ಬೆರಳಿಗೆ ಶಾಯಿ ಹಚ್ಚಿದೆ.