ಕೋಳಿಗಳ ನೀರಿನಲ್ಲಿ ಕಾಣದ ಬಣ್ಣ

ಆ ಏಪ್ರಿಲ್‌ನಲ್ಲಿ ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಕ್ರಮ ಬದಲಿಸಿದರೆ ನನ್ನ ತಪ್ಪು ಚಿಕ್ಕದಾಗಿ ಕಾಣುತ್ತದೆ.

ನನ್ನದು ಕಾಕ್ಸ್ ಟೌನಿನಲ್ಲಿ ಕೋಳಿ ಅಂಗಡಿ. ಅಂಗಡಿಗೆ ಬೇಕಾದ ಬ್ರಾಯ್ಲರ್ ಕೋಳಿಗಳನ್ನು ಕೆ.ಆರ್. ಪುರ ದಾಟಿ ಬಾಡಿಗೆಗೆ ಹಿಡಿದ ಶೆಡ್ಡಿನಲ್ಲಿ ಸಾಕುತ್ತಿದ್ದೆ. ಶೆಡ್ಡಿಗೆ ಅಂಟಿದ ಕೋಣೆಯಲ್ಲಿ ರಾಯಚೂರು ಕಡೆಯ ಗಂಡ, ಹೆಂಡತಿ, ಒಬ್ಬ ಮಗಳು. ಗಂಡ ಕಗ್ಗದಾಸಪುರದಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಕೋಳಿ ನೋಡಿಕೊಳ್ಳುತ್ತಿದ್ದವಳು ಹೆಂಡತಿ. ಕೋಣೆ ಅವಳ ಕೆಲಸದ ಜೊತೆ ಬಂದದ್ದು. ಕೆಲಸ ಹೋದರೆ ಕೋಣೆಯೂ ಹೋಗುತ್ತಿತ್ತು.

ಶೆಡ್ಡಿನ ಚಾವಣಿ ಶೀಟಿನ ಕೆಳಗೆ ಮಧ್ಯಾಹ್ನ ನಿಲ್ಲಲಾಗುತ್ತಿರಲಿಲ್ಲ. ಕೋಳಿಗಳು ರೆಕ್ಕೆ ಅಗಲಿಸಿ, ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ಚೆನ್ನಾಗಿ ಬೆಳೆದವೇ ಮೊದಲು ಸಾಯುತ್ತಿದ್ದವು. ಪಶುವೈದ್ಯರು ಒಂದು ಡಬ್ಬ ಕಿತ್ತಳೆ ಬಣ್ಣದ ಪುಡಿ ಕೊಟ್ಟರು. ವಿಟಮಿನ್ ಸಿ, ವಿಟಮಿನ್ ಇ ಬೆರೆತ ಆಂಟಿಆಕ್ಸಿಡೆಂಟ್. ಬಿಸಿಲ ಝಳಕ್ಕೆ ಕೋಳಿಯ ಮೈಯೊಳಗೆ ಆಗುವ ಹಾನಿಯನ್ನು ತಡೆಯುತ್ತದೆ ಎಂದರು. ಹಾಗೆ ಹೇಳುವವರನ್ನು ನಾನು ಸುಲಭಕ್ಕೆ ನಂಬುವವನಲ್ಲ. ಆದರೂ ತಂದೆ. ಬೆಳಿಗ್ಗೆ ಹತ್ತಕ್ಕೆ ಎರಡು ಚಮಚ ಕಲಸಿ ಕೋಳಿಗಳ ಕುಡಿಯುವ ನೀರಿನ ಟ್ಯಾಂಕಿಗೆ ಸುರಿಯಲು ಆಕೆಗೆ ಹೇಳಿದೆ.

ಕೋಳಿ ಸಾಯುವುದು ನಿಲ್ಲಲಿಲ್ಲ. ಮೂರನೆಯ ಮಧ್ಯಾಹ್ನ ಅವು ಕುಡಿಯುವ ತಟ್ಟೆಗಳನ್ನು ಬಗ್ಗಿ ನೋಡಿದೆ. ನೀರು ನೀರಿನಂತೆಯೇ ಇತ್ತು. ಕಿತ್ತಳೆಯ ಸುಳಿವಿಲ್ಲ.

"ಪುಡಿ ಹಾಕಿಲ್ವಾ?"

"ಹಾಕೀನ್ರೀ ಅಣ್ಣಾರ."

"ಹಾಕಿದ್ರೆ ಬಣ್ಣ ಎಲ್ಲಿ?"

"ನಂಗ ಹ್ಯಾಂಗ ಗೊತ್ತಾಗ್ಬೇಕ್ರೀ? ಬಣ್ಣ ಅಷ್ಟ ಕುಡದು ನೀರು ಬಿಟ್ಟಾವೇನೋ, ನಿಮ್ಮ ಕೋಳಿ!"

ಅವಳು ನಕ್ಕದ್ದು ನನಗೆ ಸೇರಲಿಲ್ಲ. ಪುಡಿ ಇದ್ದ ಮಟ್ಟಕ್ಕೆ ಡಬ್ಬದ ಹೊರಗೆ ಪೆನ್ನಿನಿಂದ ಗೆರೆ ಎಳೆದು ಹೋದೆ. ಮರುದಿನ ಪುಡಿ ಗೆರೆಗಿಂತ ಎರಡು ಚಮಚದಷ್ಟು ಇಳಿದಿತ್ತು. ಅದು ಅವಳ ಪರವಾದ ಸಾಕ್ಷಿ. ನಾನು ವಿರುದ್ಧವಾಗಿ ಓದಿದೆ: ಪುಡಿ ಡಬ್ಬದಿಂದ ಹೋಗುತ್ತಿದೆ, ನೀರಿಗೆ ಬರುತ್ತಿಲ್ಲ, ಅಂದರೆ ಇವಳು ಕದ್ದು ಪಕ್ಕದವರ ಕೋಳಿ ಶೆಡ್ಡಿಗೆ ಮಾರುತ್ತಿದ್ದಾಳೆ. ಅಂಗಡಿಯಲ್ಲಿ ದಿನಕ್ಕೆ ಒಬ್ಬರಾದರೂ "ಏನಪ್ಪಾ, ಇಂಜೆಕ್ಷನ್ ಕೋಳಿನಾ?" ಎಂದು ನನ್ನ ಮುಖ ನೋಡುತ್ತಾರೆ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಅದೇ ನೋಟದಿಂದ ಅವಳನ್ನು ನೋಡಿ ಹೇಳಿದೆ:

"ಈ ಬ್ಯಾಚ್ ಮುಗಿದ್ಮೇಲೆ ಬೇರೆ ಕಡೆ ನೋಡ್ಕೊಳ್ಳಿ."

ಈ ಸಲ ನಗಲಿಲ್ಲ. "ಮಗಳ ಸಾಲಿ ಇಲ್ಲೇ ಐತ್ರೀ," ಎಂದಳು. ನಾನು ಅಂಗಡಿಗೆ ಹೊರಟೆ.

ಕದಿಯುವಾಗಲೇ ಹಿಡಿಯಬೇಕೆಂದು ಮರುದಿನ ಹತ್ತಕ್ಕೆ ಮುಂಚೆ ಮೇವಿನ ಚೀಲಗಳ ಹಿಂದೆ ಕೂತೆ. ಆಕೆ ಡಬ್ಬ ತಂದಳು. ಎರಡು ಚಮಚ, ಕೈಯಿಂದ ಸಮ ಮಾಡಿ. ಬಕೆಟ್ಟಿನಲ್ಲಿ ಕಲಸಿದಾಗ ನೀರು ಶರಬತ್ತಿನಂತಾಯಿತು. ಏಣಿ ಹತ್ತಿ ಟ್ಯಾಂಕಿಗೆ ಸುರಿದಳು. ಬಕೆಟ್ಟಿಗೆ ಅಂಟಿದ್ದನ್ನೂ ತೊಳೆದು ಸುರಿದಳು. ಅಷ್ಟು ಜಾಗ್ರತೆಯಿಂದ ನಾನೇ ಮಾಡುತ್ತಿರಲಿಲ್ಲ.

ಅವಳು ಒಳಗೆ ಹೋದ ಮೇಲೆ ನಾನು ಏಣಿ ಹತ್ತಿದೆ. ಟ್ಯಾಂಕಿನ ನೀರು ತಿಳಿ ಕಿತ್ತಳೆ. ನೋಡುತ್ತಿದ್ದಂತೆ ಅದು ಹಳದಿಯಾಯಿತು. ಆಮೇಲೆ ಹಳದಿಯೂ ಇರಲಿಲ್ಲ. ಅಂಗಡಿಯಲ್ಲಿ ಒಂದು ಕೋಳಿ ಕೊಯ್ದು ಚರ್ಮ ಸುಲಿದು ಕೊಡುವಷ್ಟು ಹೊತ್ತು ಹಿಡಿದಿರಬಹುದು. ಮುಖಕ್ಕೆ ಘಾಟು ಹೊಡೆಯಿತು. ಬ್ಲೀಚಿಂಗ್ ಪೌಡರ್. ಅಂಗಡಿಗೆ ಹೋಗುವ ಮೊದಲು ದಿನಾ ಬೆಳಿಗ್ಗೆ ಆರಕ್ಕೆ ಬಂದು ಅದನ್ನು ಟ್ಯಾಂಕಿಗೆ ಹಾಕುತ್ತಿದ್ದವನು ನಾನು. ಬೇಸಿಗೆಯಲ್ಲಿ ರೋಗ ಬಂದೀತೆಂದು ಒಂದು ಹಿಡಿ ಹೆಚ್ಚೇ ಹಾಕುತ್ತಿದ್ದೆ.

ಏಣಿ ಹಿಡಿದು ನಿಂತೆ.

"ಮ್ಯಾಲೇನ ಹುಡುಕ್ತೀರಿ ಅಣ್ಣಾರ? ಕಳ್ಳನ್ನೇನ್ರೀ?" ಕೆಳಗಿನಿಂದ ಅವಳ ದನಿ.

ಇಳಿದು ಡಬ್ಬ ತೆಗೆದುಕೊಂಡೆ. ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರದ ಇಂಗ್ಲಿಷ್. ಆಕೆಗೆ ಇಂಗ್ಲಿಷ್ ಬಾರದು. ನನಗೆ ಬರುತ್ತದೆ, ನಾನು ಓದಿರಲಿಲ್ಲ.

"ಏನ ಬರ್ದೈತ್ರೀ? ಎಲ್ಲಾ ಓದ್ರಿ."

ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಕೊನೆಯದು: ಕ್ಲೋರಿನ್ ಬೆರೆತ ನೀರಿಗೆ ಹಾಕಬಾರದು, ಔಷಧಿ ಕೆಡುತ್ತದೆ. ಬ್ಲೀಚಿಂಗ್ ಪೌಡರಿನಲ್ಲಿ ಇರುವುದು ಅದೇ ಕ್ಲೋರಿನ್ ಎಂದು ಬಿಡಿಸಿ ಹೇಳಿದೆ.

"ಇದು ಮೊದಲನೇ ದಿನಾನೂ ಇಲ್ಲೇ ಬರ್ದಿತ್ತೇನ್ರೀ?"

"ಇತ್ತು."

"ಮತ್ತ ನಮ್ಮ ರೂಮು?"

"ಇಲ್ಲೇ ಇರಿ. ತಪ್ಪು ನಂದು."

ಅವಳು ಡಬ್ಬ ಒರೆಸಿ ಒಳಗಿಟ್ಟಳು. ನಾನು ಎಳೆದ ಗೆರೆ ಮಾತ್ರ ಹೋಗಲಿಲ್ಲ.

ಬ್ಲೀಚಿಂಗ್ ಪೌಡರನ್ನು ಸಂಜೆಗೆ ಬದಲಿಸಿದೆ; ಬೆಳಿಗ್ಗೆ ಟ್ಯಾಂಕ್ ಬರಿದು ಮಾಡಿ ಹೊಸ ನೀರು ತುಂಬಿದ ಮೇಲೆಯೇ ಪುಡಿ. ಸಾವು ಕಡಿಮೆಯಾಯಿತು. ಅದೇ ವಾರ ಶೀಟಿನ ಮೇಲೆ ಒದ್ದೆ ಗೋಣಿ ಹಾಸಿದ್ದೆವು, ಎರಡು ದಿನ ಮೋಡವೂ ಇತ್ತು. ಉಳಿಸಿದ್ದು ಪುಡಿಯೇ ಎಂದು ನಾನು ಹೇಳಲಾರೆ.

ಅವಳು ಉಳಿದಳು. ಆದರೆ ಅಂದಿನಿಂದ ನನ್ನ ಕಣ್ಣೆದುರಲ್ಲದೆ ಪುಡಿ ಮುಟ್ಟುವುದಿಲ್ಲ. ಹತ್ತು ಗಂಟೆಗೆ ಅಂಗಡಿ ಬಿಟ್ಟು ಬರಬೇಕು.

"ಬರ್ರಿ ಅಣ್ಣಾರ, ನೋಡ್ರಿ."

"ನೋಡೋದೇನೂ ಬೇಡಮ್ಮ, ಹಾಕಿ."

"ಹಂಗಲ್ರೀ. ನೋಡ್ರಿ."

ಚಮಚ ಎತ್ತಿ ಹಿಡಿದು ಕಾಯುತ್ತಾಳೆ. ನಾನು ನೋಡುವವರೆಗೂ ಸುರಿಯುವುದಿಲ್ಲ.